ಹಳೇ ಕಾರಿನ ಮೈಲೇಜ್: ಮೊದಲು ಅಳೆಯಿರಿ, ಆಮೇಲೆ ಖರ್ಚು ಮಾಡಿ

ಮುಂಬೈಗೆ ಕೆಲಸಕ್ಕೆ ಬಂದ ನಮ್ಮಂಥ ಎಷ್ಟೋ ಜನ ಮೊದಲು ತಗೊಳ್ಳೋದು ಸೆಕೆಂಡ್ ಹ್ಯಾಂಡ್ ಕಾರೇ. ನಾನೂ 2014ರ ಮಾಡೆಲ್‌ನ ಒಂದು ಪೆಟ್ರೋಲ್ ಕಾರು ತಗೊಂಡೆ. ಡೊಂಬಿವಲಿಯ ಮನೆಯಿಂದ ಐರೋಲಿಯ ಆಫೀಸಿಗೆ ಹೋಗಿಬಂದರೆ ದಿನಕ್ಕೆ ಸುಮಾರು 40 ಕಿ.ಮೀ. "ಹಳೇ ಗಾಡಿ, ಮೈಲೇಜ್ ಇಷ್ಟೇ" ಅಂದರು ಕೆಲವರು. ಸಿಎನ್‌ಜಿ ಕಿಟ್ ಹಾಕಿಸಿ ಅಂದರು, ಮಾರಿಬಿಡಿ ಅಂದರು. ಆದರೆ ಹಬ್ಬ ಮುಗಿದ ಮೇಲೆ ಅವ್ವನನ್ನು ಹುಬ್ಬಳ್ಳಿಯಿಂದ ಇದೇ ಕಾರಲ್ಲಿ ಕರ್ಕೊಂಡು ಬರಬೇಕಿತ್ತು.

ಪ್ರೋಗ್ರಾಂ ನಿಧಾನ ಆದರೆ ನಾವು ಏನು ಮಾಡ್ತೀವಿ? ಮೊದಲು ಅಳೀತೀವಿ, ಆಮೇಲೆ ಕೋಡಿಗೆ ಕೈಹಾಕ್ತೀವಿ. ಕಾರಿಗೂ ಅದೇ ನಿಯಮ.

ಅಳೆಯೋದು ಸುಲಭ. ಟ್ಯಾಂಕ್ ತುಂಬಿಸುವಾಗ ನಾಜಲ್ ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಅದೇ ಬಂಕಲ್ಲಿ ಹಾಗೇ ತುಂಬಿಸಿ. ಓಡಿದ ಕಿ.ಮೀ.ಯನ್ನು ಆಗ ಹಿಡಿದ ಲೀಟರಿನಿಂದ ಭಾಗಿಸಿ. ಮೂರು ಸಲದ ಸರಾಸರಿ ತಗೊಳ್ಳಿ. ನನಗೆ ಬಂದದ್ದು 9. ಅದೇ ಮಾಡೆಲ್, ಅದೇ ದಾರಿಯ ಸಹೋದ್ಯೋಗಿಗೆ 12. ಅಂದರೆ 25% ಎಲ್ಲೋ ಸೋರಿ ಹೋಗ್ತಿದೆ.

ಎಥೆನಾಲ್ ಕಾರಣವೇ? ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ. 20% ಬೆರೆತ ಪೆಟ್ರೋಲಿನಿಂದ ಹಳೇ ವಿನ್ಯಾಸದ ಕಾರುಗಳ ಮೈಲೇಜ್ 6-7% ಇಳಿಯಬಹುದು ಅಂತ 2021ರ ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು. ಅದನ್ನು ಯಾವ ಮೆಕ್ಯಾನಿಕ್ಕೂ ವಾಪಸ್ ತರೋಕಾಗಲ್ಲ. ಆದರೆ ಸಹೋದ್ಯೋಗಿಯೂ ಅದೇ ಪೆಟ್ರೋಲ್ ಹಾಕಿಸೋದು. ಹಾಗಾಗಿ ಈ ವ್ಯತ್ಯಾಸಕ್ಕೆ ಅದು ಕಾರಣ ಅಲ್ಲ.

ಟೈರಲ್ಲಿ ಗಾಳಿ 8 ಪಿಎಸ್‌ಐ ಕಮ್ಮಿ ಇತ್ತು. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಲ್ಲಿ 1 ಪಿಎಸ್‌ಐಗೆ ಸುಮಾರು 0.2% ನಷ್ಟ. ಒಟ್ಟು 2% ಕೂಡ ಆಗಲಿಲ್ಲ. ಏರ್ ಫಿಲ್ಟರ್ ಬದಲಿಸಿದರೆ ಫ್ಯೂಯಲ್ ಇಂಜೆಕ್ಷನ್ ಕಾರಲ್ಲಿ ಪಿಕಪ್ ಸುಧಾರಿಸಬಹುದು, ಮೈಲೇಜ್ ಹೆಚ್ಚು ಬದಲಾಗಲ್ಲ.

ಆಮೇಲೆ ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಓಬಿಡಿ ಸ್ಕ್ಯಾನರ್ ಹಾಕಿದೆ. ಅರ್ಧ ಗಂಟೆ ಓಡಿದ ಮೇಲೂ ಕೂಲಂಟ್ ಉಷ್ಣತೆ 60ರ ಆಸುಪಾಸು. ಇರಬೇಕಾದದ್ದು 80ರ ಮೇಲೆ. ಬಿಚ್ಚಿ ನೋಡಿದರೆ ಥರ್ಮೋಸ್ಟಾಟೇ ಇಲ್ಲ! ಹಿಂದೆ ಯಾವಾಗಲೋ ಎಂಜಿನ್ ಬಿಸಿ ಆಗ್ತಿದೆ ಅಂತ ಯಾರೋ ಕಿತ್ತು ಹಾಕಿದ್ದರು. ಟೆಸ್ಟ್ ಫೇಲ್ ಆಯ್ತು ಅಂತ ಟೆಸ್ಟನ್ನೇ ಡಿಲೀಟ್ ಮಾಡಿದ ಹಾಗೆ. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇತ್ತು. ಹೊಸದನ್ನು ಹಾಕಿಸೋ ಮುಂಚೆ ರೇಡಿಯೇಟರ್ ಮತ್ತು ಫ್ಯಾನ್ ಪರೀಕ್ಷೆ ಮಾಡಿಸಿದೆ. ಇಲ್ಲದಿದ್ದರೆ ಹಳೇ ತೊಂದರೆ ಮತ್ತೆ ಬರುತ್ತಲ್ವಾ?

ಎರಡನೇದು ಇನ್ನೂ ಗಂಭೀರ. ಮುಂದಿನ ಎಡಚಕ್ರದ ಹತ್ತಿರ ಕೈ ಒಯ್ದರೆ ಬಿಸಿ ಹೊಡೀತಿತ್ತು, ಬಲಗಡೆ ಹಾಗಿರಲಿಲ್ಲ. ಜಾಕ್ ಹಾಕಿ ತಿರುಗಿಸಿದರೆ ಚಕ್ರ ಸಲೀಸಾಗಿ ತಿರುಗಲ್ಲ. ಬ್ರೇಕ್ ಕ್ಯಾಲಿಪರ್‌ನ ಪಿನ್ ತುಕ್ಕು ಹಿಡಿದು ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಇತ್ತು. ಮುಂಬೈ ಮಳೆಯಲ್ಲಿ, ಸಮುದ್ರದ ಗಾಳಿಯಲ್ಲಿ ಇದು ಅಪರೂಪವಲ್ಲ. ಮೊದಲೇ ಕಾದ ಬ್ರೇಕ್ ಇಟ್ಟುಕೊಂಡು ಖಂಡಾಲಾ ಘಾಟ್ ಇಳಿದಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತೆ. ಬ್ರೇಕ್ ಕೆಲಸ ಮಾತ್ರ ನೀವೇ ಮಾಡೋಕೆ ಹೋಗಬೇಡಿ.

ಘಾಟಿನ ಮಾತು ಬಂತು ಅಂತ ಹೇಳ್ತೀನಿ. ಇಳಿಜಾರಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತೆ ಅನ್ನೋದು ತಪ್ಪು. ಇಂಜೆಕ್ಷನ್ ಕಾರಲ್ಲಿ ಗೇರ್ ಹಾಗೇ ಇಟ್ಟು ಆಕ್ಸಿಲರೇಟರಿಂದ ಕಾಲು ತೆಗೆದರೆ ಸಾಮಾನ್ಯವಾಗಿ ಪೆಟ್ರೋಲ್ ಪೂರೈಕೆಯೇ ನಿಲ್ಲುತ್ತೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇರೋಕೆ ಪೆಟ್ರೋಲ್ ಬೇಕು. ಜೊತೆಗೆ ಭಾರವೆಲ್ಲ ಬ್ರೇಕ್ ಮೇಲೆ.

ಎರಡೂ ರಿಪೇರಿ ಆದ ಮೇಲೆ ನನಗೂ 12 ಬರ್ತಿದೆ. ತಿಂಗಳಿಗೆ 880 ಕಿ.ಮೀ. ಓಡಿದರೆ 24 ಲೀಟರ್ ಉಳಿತಾಯ. ಖರ್ಚು ಎರಡು ತಿಂಗಳಲ್ಲಿ ವಾಪಸ್ ಬಂತು.

ಹಳೇ ಕಾರಿನ ಮೈಲೇಜ್ ಇದ್ದಕ್ಕಿದ್ದಂತೆ ಬಿದ್ದರೆ ವಯಸ್ಸಾಯ್ತು ಅಂತ ಸುಮ್ಮನಾಗಬೇಡಿ. ಗಾಡಿ ಏನನ್ನೋ ಹೇಳ್ತಿದೆ. ಘಾಟಲ್ಲಿ ಗೇರಲ್ಲೇ ಇಳೀತಿದ್ದಾಗ ಅವ್ವ ಕೇಳಿದಳು: "ಯಾಕೋ, ಇಷ್ಟ ಸಾವಕಾಶ ಹೊಂಟಿ?" ಏನಿಲ್ಲ ಬಿಡವ್ವಾ ಅಂದೆ.

ಈ ಭಾನುವಾರ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮತ್ತೆ ಸಿಗೋಣ.