ಮುಂಬಯಿಗೆ ಫಿಯೆಟ್, ಊರಿಗೆ ಅಂಬಾಸಿಡರ್

ಮುಂಬಯಿ: ಊರಿನಿಂದ ಬಂದಿಳಿದು ಟ್ರಂಕು, ಕುಚ್ಚಲಕ್ಕಿ ಮೂಟೆ, ಹಪ್ಪಳದ ಕಟ್ಟುಗಳನ್ನು ಕಾಳಿ-ಪೀಲಿಯ ಕ್ಯಾರಿಯರಿಗೆ ಏರಿಸಿದ ನೆನಪು ಮಹಾನಗರದ ಹಿರಿಯ ಕನ್ನಡಿಗರಲ್ಲಿ ಅನೇಕರಿಗಿದೆ. ಅದು ಫಿಯೆಟ್. ರಜೆಗೆ ಉಡುಪಿ, ಕಾರ್ಕಳದ ಕಡೆ ಹೋದರೆ ಅಲ್ಲಿ ಕಾಯುತ್ತಿದ್ದ ಸರ್ವಿಸ್ ಕಾರು ಅಂಬಾಸಿಡರ್. ಎರಡರಲ್ಲಿ ಯಾವುದು ಮೇಲು ಎಂಬ ವಾದ ನಮ್ಮವರಲ್ಲಿ ಇನ್ನೂ ಮುಗಿದಿಲ್ಲ.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿದ ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರ ತನಕ ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ತಯಾರಾಯಿತು. ಇಟಲಿಯ ಫಿಯೆಟ್ 1100 ನಮ್ಮ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾಗಿ, 1970ರ ದಶಕದಲ್ಲಿ 'ಪದ್ಮಿನಿ' ಎಂಬ ಹೆಸರು ಪಡೆಯಿತು.

ಕಾಗದದ ಮೇಲೆ ಅಂಬಾಸಿಡರ್ ಬಲಶಾಲಿ. ಅದರ ಹಳೆಯ ಪೆಟ್ರೋಲ್ ಇಂಜಿನ್ 1,489 ಸಿ.ಸಿ., ಸುಮಾರು 50 ಅಶ್ವಶಕ್ತಿಯದು. ಪದ್ಮಿನಿಯದು 1,089 ಸಿ.ಸಿ., ಸುಮಾರು 40 ಅಶ್ವಶಕ್ತಿ. ಆದರೆ ತೂಕ ನೋಡಬೇಡವೇ? ಅಂಬಾಸಿಡರ್ ಸುಮಾರು 1,110 ಕಿಲೊ, ಪದ್ಮಿನಿ 900ಕ್ಕೂ ಕೊಂಚ ಕಡಿಮೆ. ಭಾಗಿಸಿದರೆ ಟನ್ನಿಗೆ ಎರಡಕ್ಕೂ ಹತ್ತಿರ ಹತ್ತಿರ 45 ಅಶ್ವಶಕ್ತಿ. ಅಂದರೆ ಖಾಲಿ ಓಡಿದರೆ ಸರಿಸಮ!

ವ್ಯತ್ಯಾಸ ಕಾಣುವುದು ಹೊರೆ ಬಿದ್ದಾಗ. ಸರ್ವಿಸ್ ಕಾರಿನಲ್ಲಿ ಹತ್ತು ಮಂದಿ ಕುಳಿತರೆ (ಚಾಲಕನ ಬಲಕ್ಕೂ ಒಬ್ಬರು ಜೋತುಕೊಂಡಿದ್ದನ್ನು ಕಂಡವರಿದ್ದಾರೆ) 600 ಕಿಲೊ ಏರಿತೆನ್ನಿ. ಆಗ ಅಂಬಾಸಿಡರಿಗೆ ಟನ್ನಿಗೆ 29, ಪದ್ಮಿನಿಗೆ 27ರಷ್ಟು ಮಾತ್ರ ಉಳಿಯುತ್ತದೆ. ಮೇಲಾಗಿ ಅಂಬಾಸಿಡರಿನ ಪಿಸ್ಟನ್ 88.9 ಮಿ.ಮೀ. ದೂರ ಚಲಿಸುತ್ತದೆ, ಪದ್ಮಿನಿಯದು 75 ಮಿ.ಮೀ. ಉದ್ದ ಸ್ಟ್ರೋಕಿನ ಇಂಜಿನ್ ನಿಧಾನ ವೇಗದಲ್ಲೂ ಎಳೆಯುತ್ತದೆ. ಘಾಟಿ ಹತ್ತುವಾಗ ಪದೇ ಪದೇ ಗೇರ್ ಇಳಿಸಬೇಕಾಗಿರಲಿಲ್ಲ. ಪದ್ಮಿನಿಗೆ ಆಕ್ಸಿಲರೇಟರ್ ಒತ್ತಿ ಹಿಡಿದರೇ ಉತ್ಸಾಹ.

ಮುಂಬಯಿಯಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಪದ್ಮಿನಿ ಉದ್ದದಲ್ಲಿ ಸುಮಾರು 40 ಸೆಂ.ಮೀ. ಚಿಕ್ಕದು. ಗಿರಗಾಂವ್, ಭುಲೇಶ್ವರದ ಗಲ್ಲಿಗಳಲ್ಲಿ ತಿರುಗಿಸಲು ಅಷ್ಟು ಸಾಕು. ಹ್ಯಾಂಡ್ ಗೇರ್ ಇದ್ದುದರಿಂದ ಮುಂದಿನ ಸೀಟೂ ಬೆಂಚಿನಂತೆ ಬಳಕೆಗೆ ಬರುತ್ತಿತ್ತು. ಕಾರ್ಖಾನೆ ಕುರ್ಲಾದಲ್ಲೇ ಇದ್ದುದರಿಂದ ಬಿಡಿಭಾಗಕ್ಕೂ ಮೆಕ್ಯಾನಿಕ್‌ಗೂ ಬರವಿರಲಿಲ್ಲ. ಬ್ರೇಕಿನ ಮಟ್ಟಿಗೆ ಯಾರೂ ಮೀಸೆ ತಿರುವುವಂತಿಲ್ಲ. ಆ ಕಾಲದ ಎರಡೂ ಕಾರುಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ.

1990ರ ದಶಕದಲ್ಲಿ ಅಂಬಾಸಿಡರಿಗೆ ಇಸುಝುವಿನ 1,817 ಸಿ.ಸಿ. ಇಂಜಿನ್, ಐದು ಗೇರು ಬಂದವು. ಅಲ್ಲಿಗೆ ಹಳೆಯ ಪದ್ಮಿನಿಯೊಡನೆ ಅದರ ಹೋಲಿಕೆಗೆ ಅರ್ಥವಿಲ್ಲ, ಅದು ಬೇರೆಯೇ ಕಾರು ಎಂಬುದು ಈ ಲೇಖಕನ ಅಭಿಪ್ರಾಯ.

ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರಿನಲ್ಲಿ ನೋಂದಣಿಯಾಗಿ, 20 ವರ್ಷಗಳ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿವೃತ್ತಿಯಾಯಿತು. ಆದರೆ ಖಾಸಗಿ ಪದ್ಮಿನಿ, ಅಂಬಾಸಿಡರುಗಳು ಇಂದಿಗೂ ಕೆಲವು ಸೊಸೈಟಿಗಳ ಕಂಪೌಂಡಿನಲ್ಲಿ ಟಾರ್ಪಾಲು ಹೊದ್ದು ಕುಳಿತಿವೆ. ಗುಜರಿಗೆ ಹಾಕುವ ಮೊದಲು ಮನೆಯವರು ಒಂದು ವಿಷಯ ಗಮನಿಸುವುದು ಒಳ್ಳೆಯದು. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ಖಾಸಗಿ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ. 1974ರ ಪದ್ಮಿನಿಗಳು ಆ ವಯಸ್ಸು ದಾಟಿವೆ. ಇಂಜಿನ್ ನಿಂತಿದ್ದರೆ ಚಿಂತೆಯಿಲ್ಲ, ಬಿಚ್ಚಿ ಕಟ್ಟಬಹುದು. ಮೊದಲು ಕಾಲಡಿಯ ಮ್ಯಾಟ್ ಎತ್ತಿ ತಗಡಿಗೆ ತುಕ್ಕು ಹಿಡಿದಿದೆಯೇ ನೋಡಿ.