ಆಟವಿಲ್ಲದ ತಿಂಗಳುಗಳಲ್ಲಿ ತಂಡ ಕಟ್ಟುವ ಲೆಕ್ಕ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ; ನಿಲ್ಕುಂದ)



ಮಹಾರಾಜ ಟ್ರೋಫಿಯ ಫೈನಲ್ ಮುಗಿದ ಮರುದಿನ ಗೆದ್ದ ತಂಡದ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಆಮೇಲೆ ಮುಂದಿನ ಹರಾಜಿನವರೆಗೆ ಆ ತಂಡ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಆದರೆ ಕಡಿಮೆ ಹಣದ ತಂಡವೊಂದು ಗೆಲ್ಲುವುದೂ ಸೋಲುವುದೂ ಅರ್ಧ ತೀರ್ಮಾನವಾಗುವುದು ಯಾರೂ ಕೇಳದ ಆ ತಿಂಗಳುಗಳಲ್ಲೇ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಉಳಿದ ಹಣದಲ್ಲಿ ಯಾರನ್ನು ತರಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವ ಕಾಲ ಅದು. ಇದು ಕ್ರಿಕೆಟ್ ಗೊತ್ತಿರುವವರ ವಿಷಯ ಮಾತ್ರವಲ್ಲ. ನಾವು ವಾಣಿಜ್ಯ ವಿದ್ಯಾರ್ಥಿಗಳು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಅವಕಾಶ ವೆಚ್ಚ, ಸವಕಳಿ ಮುಂತಾದ ಮಾತುಗಳೆಲ್ಲ ಇಲ್ಲಿ ಜೀವಂತವಾಗಿ ಓಡಾಡುತ್ತವೆ. ಅದಕ್ಕೇ ಈ ಲೇಖನ.

ಮೊದಲು ಟೂರ್ನಿಯ ಬಗ್ಗೆ ಎರಡು ಮಾತು. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್ ಫಿಕ್ಸಿಂಗ್ ಹಗರಣದಿಂದಾಗಿ 2019ರ ನಂತರ ನಿಂತುಹೋಯಿತು. ಅದರ ಜಾಗದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆ 2022ರಲ್ಲಿ ಮಹಾರಾಜ ಟ್ರೋಫಿ ಟಿ20 ಶುರು ಮಾಡಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿ ಹೆಸರಿನ ಆರು ತಂಡಗಳು. ಐಪಿಎಲ್‌ನಲ್ಲಿ ಕೋಟಿಗಳ ಮಾತು, ಇಲ್ಲಿ ಲಕ್ಷಗಳ ಮಾತು. ನಮ್ಮ ಶಿರಸಿ, ಸಿದ್ದಾಪುರ ಕಡೆಯವರಿಗೆ ಹುಬ್ಬಳ್ಳಿ ಹತ್ತಿರ. ಹಾಗಾಗಿ ನಮ್ಮಲ್ಲಿ ಹೆಚ್ಚಿನವರು ಹುಬ್ಬಳ್ಳಿ ಟೈಗರ್ಸ್ ಪಕ್ಷ.

ಒಂದು ಚಿಕ್ಕ ಲೆಕ್ಕ

ಲೆಕ್ಕಕ್ಕಾಗಿ ಒಂದು ತಂಡವನ್ನು ಊಹಿಸಿಕೊಳ್ಳೋಣ. ಅದರ ಪರ್ಸ್‌ನಲ್ಲಿ 50 ಲಕ್ಷ ರೂಪಾಯಿ ಇದೆ, 18 ಆಟಗಾರರು ಬೇಕು. ಎಲ್ಲರಿಗೂ ಸಮನಾಗಿ ಹಂಚಿದರೆ ತಲೆಗೆ ಸುಮಾರು 2.78 ಲಕ್ಷ. ಒಬ್ಬ ದೊಡ್ಡ ಆಟಗಾರನಿಗೆ 15 ಲಕ್ಷ ಕೊಟ್ಟರೆ ಉಳಿದ 17 ಜನರಿಗೆ 35 ಲಕ್ಷ, ಅಂದರೆ ತಲೆಗೆ ಸುಮಾರು 2.06 ಲಕ್ಷ. ಇಬ್ಬರು ದೊಡ್ಡವರಿಗೆ ಒಟ್ಟು 25 ಲಕ್ಷ ಹೋದರೆ ಉಳಿದ 16 ಜನರಿಗೆ ತಲೆಗೆ ಸುಮಾರು 1.56 ಲಕ್ಷ ಮಾತ್ರ.

ಅವಕಾಶ ವೆಚ್ಚ ಎಂದರೆ ಇದೇ. ದೊಡ್ಡ ಆಟಗಾರನ ಬೆಲೆ 15 ಲಕ್ಷ ಎಂದು ಬರೆದರೆ ಲೆಕ್ಕ ಮುಗಿಯಲಿಲ್ಲ. ಆ ಹಣಕ್ಕೆ ಬರಬಹುದಾಗಿದ್ದ ಒಬ್ಬ ಸ್ಪಿನ್ನರ್, ಒಬ್ಬ ಕೀಪರ್, ಕೊನೆಯ ಓವರ್ ಹಾಕಬಲ್ಲ ಒಬ್ಬ ವೇಗಿ, ಇವರು ಬರದೇ ಹೋದದ್ದೇ ಅವನ ನಿಜವಾದ ಬೆಲೆ.

ಶಿವಮೊಗ್ಗ ಲಯನ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. 2023ರ ಹರಾಜಿನಲ್ಲಿ ಅವರು ಅಭಿನವ್ ಮನೋಹರ್ ಅವರನ್ನು 15 ಲಕ್ಷಕ್ಕೆ ಪಡೆದರು. 2024ರಲ್ಲಿ ಅಭಿನವ್ ಆಡಿದ ಆಟ ಯಾರೂ ಮರೆಯುವಂಥದ್ದಲ್ಲ: 507 ರನ್, 52 ಸಿಕ್ಸರ್. ಆದರೂ ಆ ವರ್ಷ ಶಿವಮೊಗ್ಗ ಸೆಮಿಫೈನಲ್ ತಲುಪಲಿಲ್ಲ. ತಪ್ಪು ಅಭಿನವ್ ಅವರದ್ದಲ್ಲ. ಒಬ್ಬ ಬ್ಯಾಟ್ಸ್‌ಮನ್ ಎಷ್ಟೇ ಹೊಡೆದರೂ ಎದುರಾಳಿಯ ಇಪ್ಪತ್ತು ಓವರುಗಳನ್ನು ಬೇರೆಯವರೇ ಹಾಕಬೇಕು.

ಬೇರೆಯವರು ನೋಡದ್ದನ್ನು ನೋಡುವುದು

ಹಾಗಾದರೆ ಹಣ ಕಡಿಮೆ ಇರುವವರು ಏನು ಮಾಡಬೇಕು? ಎಲ್ಲರ ಕಣ್ಣಿಗೂ ಬಿದ್ದ ಗುಣಕ್ಕೆ ಎಲ್ಲರೂ ಕೂಗುತ್ತಾರೆ, ಬೆಲೆ ಏರುತ್ತದೆ. ಯಾರೂ ಗಮನಿಸದ ಗುಣ ಅಗ್ಗಕ್ಕೆ ಸಿಗುತ್ತದೆ. ನಮ್ಮ ಅಬ್ಬಾ ಶಿರಸಿಯಿಂದ ಅಂಗಡಿಗೆ ಸಾಮಾನು ತರುವಾಗಲೂ ಇದೇ ಸೂತ್ರ: ಹಬ್ಬದ ಹಿಂದಿನ ದಿನ ಯಾರೂ ಸಕ್ಕರೆ ಖರೀದಿಸಲು ಹೋಗಬಾರದು.

ಈ ಸೂತ್ರಕ್ಕೆ ಪ್ರಪಂಚದಲ್ಲಿ ಅತ್ಯಂತ ಪ್ರಸಿದ್ಧ ಉದಾಹರಣೆ ಅಮೆರಿಕದ ಬೇಸ್‌ಬಾಲ್‌ನಿಂದ ಬಂದಿದೆ. ಓಕ್ಲೆಂಡ್ ಅಥ್ಲೆಟಿಕ್ಸ್ ಎಂಬ ಬಡ ತಂಡ 2001ರ ಸೀಸನ್ ಮುಗಿದ ಮೇಲೆ ಜೇಸನ್ ಜಿಯಾಂಬಿ, ಜಾನಿ ಡೇಮನ್ ಮುಂತಾದ ದೊಡ್ಡ ಆಟಗಾರರನ್ನು ಶ್ರೀಮಂತ ತಂಡಗಳಿಗೆ ಕಳೆದುಕೊಂಡಿತು. ತಂಡದ ವ್ಯವಸ್ಥಾಪಕ ಬಿಲ್ಲಿ ಬೀನ್ ಅವರಂಥವರನ್ನೇ ಮತ್ತೆ ಹುಡುಕಲು ಹೋಗಲಿಲ್ಲ. ಚೆಂಡನ್ನು ದೂರ ಹೊಡೆಯುವವರಿಗಿಂತ, ಔಟಾಗದೆ ಹೇಗಾದರೂ ಮೊದಲ ಬೇಸ್ ತಲುಪುವವರನ್ನು ಹುಡುಕಿದರು. ಆ ಗುಣಕ್ಕೆ ಆಗ ಮಾರುಕಟ್ಟೆಯಲ್ಲಿ ಬೆಲೆ ಇರಲಿಲ್ಲ. ಸ್ಕಾಟ್ ಹ್ಯಾಟೆಬರ್ಗ್ ಎಂಬ ಕ್ಯಾಚರ್‌ಗೆ ಮೊಣಕೈ ಗಾಯದಿಂದ ಮೊದಲಿನಂತೆ ಚೆಂಡು ಎಸೆಯಲು ಆಗುತ್ತಿರಲಿಲ್ಲ. ಅವರನ್ನು ಎಸೆತ ಹೆಚ್ಚು ಬೇಕಿಲ್ಲದ ಜಾಗಕ್ಕೆ ಹಾಕಿ, ಅವರ ಬ್ಯಾಟಿಂಗ್ ಉಳಿಸಿಕೊಂಡರು. 2002ರಲ್ಲಿ ಓಕ್ಲೆಂಡ್ ಸುಮಾರು 4 ಕೋಟಿ ಡಾಲರ್ ಸಂಬಳದಲ್ಲಿ 103 ಪಂದ್ಯ ಗೆದ್ದಿತು. ಅದರ ಮೂರು ಪಟ್ಟು ಸಂಬಳ ಕೊಟ್ಟ ನ್ಯೂಯಾರ್ಕ್ ಯಾಂಕೀಸ್ ಗೆದ್ದದ್ದೂ 103.

ನಮ್ಮ ದೇಶದಲ್ಲಿ 2008ರ ಮೊದಲ ಐಪಿಎಲ್ ನೋಡಿ. ಎಂಟು ತಂಡಗಳಲ್ಲಿ ರಾಜಸ್ಥಾನ್ ರಾಯಲ್ಸ್ ಅತ್ಯಂತ ಕಡಿಮೆ ಬೆಲೆಗೆ, 6.7 ಕೋಟಿ ಡಾಲರ್‌ಗೆ ಮಾರಾಟವಾಗಿತ್ತು. ಬೆಂಗಳೂರಿನ ಬೆಲೆ 11.16 ಕೋಟಿ ಡಾಲರ್. ರಾಜಸ್ಥಾನ ಶೇನ್ ವಾಟ್ಸನ್ ಅವರನ್ನು 1.25 ಲಕ್ಷ ಡಾಲರ್‌ಗೆ, ಸೊಹೈಲ್ ತನ್ವೀರ್ ಅವರನ್ನು 1 ಲಕ್ಷ ಡಾಲರ್‌ಗೆ ತಂದಿತು. ತಂಡದಲ್ಲಿ 19 ವರ್ಷದ ರವೀಂದ್ರ ಜಡೇಜ ಎಂಬ ಹುಡುಗನೂ ಇದ್ದ. ಕೊನೆಗೆ ವಾಟ್ಸನ್ ಟೂರ್ನಿಯ ಶ್ರೇಷ್ಠ ಆಟಗಾರ, ತನ್ವೀರ್ 22 ವಿಕೆಟ್ ಪಡೆದು ಎಲ್ಲರಿಗಿಂತ ಮುಂದೆ, ಕಪ್ ರಾಜಸ್ಥಾನಕ್ಕೆ. ಬೆಂಗಳೂರು ಏಳನೇ ಸ್ಥಾನ.

ಇನ್ನು ನಮ್ಮ ಮನೆಯ ಉದಾಹರಣೆ, 2024ರ ಮೈಸೂರು ವಾರಿಯರ್ಸ್. ಹರಾಜಿನಲ್ಲಿ ಅವರು ಆಲ್‌ರೌಂಡರ್ ಕೆ. ಗೌತಮ್ ಅವರಿಗೆ 7.4 ಲಕ್ಷ ಕೊಟ್ಟರು. ಭಾರತ ತಂಡದ ವೇಗಿ ಪ್ರಸಿದ್ಧ್ ಕೃಷ್ಣ ಸಿಕ್ಕಿದ್ದು ಬರೀ 1 ಲಕ್ಷಕ್ಕೆ. ಯಾಕೆಂದರೆ ಅವರು ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದರು, ಆಡುತ್ತಾರೋ ಇಲ್ಲವೋ ಎಂಬ ಅನುಮಾನ ಎಲ್ಲರಿಗೂ ಇತ್ತು. ರಾಹುಲ್ ದ್ರಾವಿಡ್ ಅವರ ಮಗ ಸಮಿತ್ 50 ಸಾವಿರಕ್ಕೆ ಬಂದರು. ನಾಯಕ ಕರುಣ್ ನಾಯರ್ ಆಗಲೇ ತಂಡದಲ್ಲಿದ್ದರು. ಅವರು 560 ರನ್ ಹೊಡೆದರು, ಮೈಸೂರು ಕಪ್ ಗೆದ್ದಿತು. ಈ ಪಟ್ಟಿಯನ್ನು ಗಮನಿಸಿ ನೋಡಿದರೆ ಒಂದು ಕ್ರಮ ಕಾಣುತ್ತದೆ: ಖಚಿತವಾಗಿ ಬೇಕಾದವನಿಗೆ ಹೆಚ್ಚು ಹಣ, ಅನುಮಾನ ಇರುವವನಿಗೆ ಕಡಿಮೆ ಹಣ, ನಾಳೆಗೆ ಬೇಕಾದ ಹುಡುಗನಿಗೆ ಸ್ವಲ್ಪ ಹಣ. ನಮ್ಮ ತೋಟಗಳಲ್ಲೂ ಹಳೆಯ ಮರಗಳ ನಡುವೆ ಖಾಲಿ ಜಾಗದಲ್ಲಿ ಅಡಿಕೆ ಸಸಿ ನೆಡುತ್ತಾರಲ್ಲ, ಹಾಗೆ. ಸಸಿ ಫಸಲು ಕೊಡಲು ಐದಾರು ವರ್ಷ ಬೇಕು. ಆದರೆ ಇಂದು ನೆಡದಿದ್ದರೆ ಆಗಲೂ ಇರುವುದಿಲ್ಲ.

ಬಿಡುವುದು ಯಾಕೆ ಕಷ್ಟ

ಮೂರು ಪ್ರಶ್ನೆಗಳಲ್ಲಿ ಅತ್ಯಂತ ಕಷ್ಟದ್ದು ಬಿಡುವ ಪ್ರಶ್ನೆ. ಇಲ್ಲಿ ಎರಡು ಬಲೆಗಳಿವೆ.

ಮೊದಲನೆಯದು ಮುಳುಗಿದ ವೆಚ್ಚ. ಒಬ್ಬನಿಗೆ ತುಂಬಾ ಹಣ ಕೊಟ್ಟಿದ್ದೇವೆ, ಹಾಗಾಗಿ ಇಟ್ಟುಕೊಳ್ಳಲೇಬೇಕು ಎಂಬ ಯೋಚನೆ. ಕೊಟ್ಟ ಹಣ ಹೋಯಿತು, ಇಟ್ಟುಕೊಂಡರೂ ಬಿಟ್ಟರೂ ಅದು ವಾಪಸ್ ಬರುವುದಿಲ್ಲ. ಕೇಳಬೇಕಾದ ಪ್ರಶ್ನೆ ಮುಂದಿನ ವರ್ಷದ್ದು ಮಾತ್ರ. 2008ರಲ್ಲಿ ರಾಜಸ್ಥಾನದ ಅತ್ಯಂತ ದುಬಾರಿ ಆಟಗಾರ ಮೊಹಮ್ಮದ್ ಕೈಫ್, 6.75 ಲಕ್ಷ ಡಾಲರ್. ಕಪ್ ಗೆದ್ದಿದ್ದರೂ 2009ರ ಸೀಸನ್‌ಗೆ ಮೊದಲೇ ತಂಡ ಅವರನ್ನು ಬಿಟ್ಟಿತು. ಗೆದ್ದ ತಂಡ ತನ್ನ ಅತಿ ದುಬಾರಿ ಆಟಗಾರನನ್ನು ಬಿಡುವುದಕ್ಕೆ ಧೈರ್ಯ ಬೇಕು.

ಎರಡನೆಯದು ಸವಕಳಿಯ ಬಲೆ. ಲೆಕ್ಕಶಾಸ್ತ್ರದಲ್ಲಿ ಯಂತ್ರದ ಬೆಲೆಯಿಂದ ಪ್ರತಿ ವರ್ಷ ಶೇಕಡಾ ಇಷ್ಟು ಕಳೆಯುತ್ತೇವೆ. ಆಟಗಾರನ ವಯಸ್ಸನ್ನೂ ಹಾಗೇ ಕಳೆಯುತ್ತಾ ಹೋದರೆ ಲೆಕ್ಕ ತಪ್ಪುತ್ತದೆ. ಮನೀಶ್ ಪಾಂಡೆ ನಾಯಕರಾಗಿದ್ದಾಗ 2022ರಲ್ಲಿ ಗುಲ್ಬರ್ಗಾ ಮಿಸ್ಟಿಕ್ಸ್ ಗೆದ್ದಿತು, 2023ರಲ್ಲಿ ಅವರು ಹುಬ್ಬಳ್ಳಿಗೆ ಬಂದಾಗ ಹುಬ್ಬಳ್ಳಿ ಗೆದ್ದಿತು. 2025ರ ಹರಾಜಿನ ಹೊತ್ತಿಗೆ ಅವರಿಗೆ 35 ದಾಟಿತ್ತು. ಆದರೂ ಮೈಸೂರು 12.20 ಲಕ್ಷ ಕೊಟ್ಟಿತು. ಯಾರನ್ನು ಯಾವಾಗ ಬೌಲಿಂಗ್‌ಗೆ ಕರೆಯಬೇಕು ಎಂಬ ಬುದ್ಧಿ ಸ್ಕೋರ್‌ಕಾರ್ಡ್‌ನಲ್ಲಿ ಕಾಣುವುದಿಲ್ಲ, ವಯಸ್ಸಿನೊಂದಿಗೆ ಕಡಿಮೆಯಾಗುವುದೂ ಇಲ್ಲ.

ಹಾಗೆಂದು ದೊಡ್ಡ ಹೆಸರಿಗೆ ಹಣ ಹಾಕುವುದು ಯಾವಾಗಲೂ ತಪ್ಪು ಎಂದು ನಾನು ಹೇಳುವುದಿಲ್ಲ. 2025ರಲ್ಲಿ ನಮ್ಮ ಹುಬ್ಬಳ್ಳಿ ದೇವದತ್ತ ಪಡಿಕ್ಕಲ್ ಅವರಿಗೆ 13.20 ಲಕ್ಷ, ಅಭಿನವ್ ಮನೋಹರ್ ಅವರಿಗೆ 12.20 ಲಕ್ಷ, ಇಬ್ಬರಿಗೇ 25.40 ಲಕ್ಷ ಸುರಿಯಿತು. ತಂಡ ಫೈನಲ್ ತಲುಪಿತು. ಫೈನಲ್‌ನಲ್ಲಿ ಮಂಗಳೂರು ಡ್ರ್ಯಾಗನ್ಸ್ ಎದುರು ಸೋತಿತು. ಸೋತಿದ್ದಕ್ಕೆ ನಮಗೆಲ್ಲ ಬೇಸರವಾಯಿತು, ಆದರೆ ಫೈನಲ್‌ವರೆಗೆ ಹೋದ ಲೆಕ್ಕವನ್ನು ಕೆಟ್ಟ ಲೆಕ್ಕ ಎನ್ನಲಾಗದು. ಒಂದು ರಾತ್ರಿಯ ಫಲಿತಾಂಶ ಒಂದು ವರ್ಷದ ತೀರ್ಮಾನಕ್ಕೆ ಪೂರ್ತಿ ಸಾಕ್ಷಿ ಅಲ್ಲ.

ಪಟ್ಟಿಯಲ್ಲಿ ಹೆಸರಿಲ್ಲದವನ ಲೆಕ್ಕ

ಇಲ್ಲಿಯವರೆಗೆ ತಂಡದ ಕಡೆಯ ಲೆಕ್ಕ ಆಯಿತು. ಎದುರಿನ ಪುಟದಲ್ಲಿ ಆಟಗಾರನ ಲೆಕ್ಕವೂ ಇದೆ. ಅದನ್ನು ಯಾರೂ ಬರೆಯುವುದಿಲ್ಲ.

ನನ್ನ ಖಾಲಾ ಅವರ ಮಗ ಎಡಗೈ ವೇಗದ ಬೌಲರ್. ಒಂದು ಕ್ಲಬ್‌ಗೆ ಎರಡು ವರ್ಷ ಆಡಿದ. ಮೂರನೇ ವರ್ಷವೂ ಕರೆಯುತ್ತಾರೆ ಎಂದು ನಂಬಿ ಐಟಿಐಗೆ ಅರ್ಜಿ ಹಾಕದೆ ಕಾದ. ಕ್ಲಬ್‌ನವರು ಬೇಡ ಎಂದು ಹೇಳಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಒಂದು ದಿನ ವಾಟ್ಸಾಪ್ ಗುಂಪಿನಿಂದ ಅವನ ಹೆಸರು ತೆಗೆದಿದ್ದರು, ಅಷ್ಟೇ. ಆಗ ಅರ್ಜಿಯ ಕೊನೆಯ ದಿನ ಮುಗಿದಿತ್ತು. ಅವನನ್ನು ಬಿಟ್ಟಿದ್ದು ಸರಿಯೇ ಇರಬಹುದು. ಅವನಿಗಿಂತ ಚೆನ್ನಾಗಿ ಹಾಕುವವರು ಸಿಕ್ಕಿರಬಹುದು. ಆದರೆ ಎರಡು ತಿಂಗಳು ಮೊದಲು ಒಂದು ಫೋನ್ ಮಾಡಲು ಕ್ಲಬ್‌ಗೆ ಖರ್ಚು ಏನೂ ಇರಲಿಲ್ಲ. ಮಾಡದೇ ಇದ್ದದ್ದಕ್ಕೆ ಅವನಿಗೆ ಒಂದು ವರ್ಷ ಖರ್ಚಾಯಿತು. ಅವಕಾಶ ವೆಚ್ಚ ಎರಡೂ ಕಡೆಗೆ ಇರುತ್ತದೆ ಎಂದು ಪಾಠ ಓದುವಾಗ ನನಗೆ ಮೊದಲು ನೆನಪಾಗುವುದು ಅವನೇ.

ಹರಾಜಿನ ಬೆಲೆ ಮನುಷ್ಯನ ಬೆಲೆಯಲ್ಲ ಎಂಬುದೂ ನೆನಪಿರಲಿ. 2024ರಲ್ಲಿ ಗೆದ್ದ ತಂಡದಲ್ಲಿದ್ದ ಸಮಿತ್ ದ್ರಾವಿಡ್ ಅವರನ್ನು 2025ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ. ಅಷ್ಟು ದೊಡ್ಡ ಹೆಸರಿದ್ದರೂ ಹೀಗಾಗುತ್ತದೆ. ಹಾಗೆಯೇ, ಒಂದು ಕಡೆ ಬೇಡವಾದವರು ಇನ್ನೊಂದು ಕಡೆ ಬೇಕಾಗುತ್ತಾರೆ. 2016ರಲ್ಲಿ ಚೆನ್ನೈ ಟೆಸ್ಟ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಹೊಡೆದ ಕರುಣ್ ನಾಯರ್‌ಗೆ ಮುಂದೆ ಕರ್ನಾಟಕ ತಂಡದಲ್ಲೇ ಜಾಗ ಸಿಗಲಿಲ್ಲ. 2023ರಲ್ಲಿ ಅವರು ವಿದರ್ಭಕ್ಕೆ ಹೋದರು. 2024-25ರಲ್ಲಿ ವಿದರ್ಭ ರಣಜಿ ಟ್ರೋಫಿ ಗೆದ್ದಾಗ ಅವರು 863 ರನ್ ಹೊಡೆದಿದ್ದರು. 2025ರಲ್ಲಿ ಮತ್ತೆ ಭಾರತದ ಟೆಸ್ಟ್ ತಂಡ ಸೇರಿದರು. ವಿದರ್ಭ ಮಾಡಿದ್ದೂ ಓಕ್ಲೆಂಡ್ ಮಾಡಿದ್ದೂ ಒಂದೇ: ಬೇರೆಯವರು ಬಿಟ್ಟ ಕಡೆ ಹುಡುಕಿದರು.

ನಮ್ಮ ಊರಿಗೆ ಈ ಲೆಕ್ಕ

ನಿಲ್ಕುಂದದಲ್ಲಿ ಜೂನ್ ಬಂತೆಂದರೆ ಮೈದಾನದಲ್ಲಿ ನೀರು ನಿಲ್ಲುತ್ತದೆ, ಬ್ಯಾಟುಗಳು ಅಟ್ಟ ಸೇರುತ್ತವೆ. ಮಳೆ ಮುಗಿದ ಮೇಲೆ ನಮ್ಮ ಸುತ್ತಮುತ್ತಲ ಊರುಗಳಲ್ಲಿ ಟೆನಿಸ್ ಬಾಲ್ ಟೂರ್ನಿಗಳು ಶುರು. ಈಗ ಅವುಗಳಲ್ಲೂ ಪಾಯಿಂಟ್ ಕೊಟ್ಟು ಆಟಗಾರರನ್ನು ಕೂಗಿ ಕೊಳ್ಳುವ ಪದ್ಧತಿ ಬಂದಿದೆ. ನಮ್ಮ ತಂಡಕ್ಕೆ ಲೆಕ್ಕ ಬರೆಯುವ ಕೆಲಸ ನನ್ನದು. ಅದಕ್ಕಾಗಿ ನಾನು ಮಾಡಿಕೊಂಡ ನಿಯಮಗಳನ್ನು ಇಲ್ಲಿ ಬರೆಯುತ್ತೇನೆ, ಬೇಕಾದವರು ಬಳಸಿ.

ಒಂದು, ಮೊದಲು ತಂಡದಲ್ಲಿ ಖಾಲಿ ಇರುವ ಜಾಗ ಬರೆಯಿರಿ, ಆಮೇಲೆ ಆಟಗಾರರ ಹೆಸರು ಬರೆಯಿರಿ. ಎರಡು, ಪ್ರತಿ ಹೆಸರಿನ ಮುಂದೆ ಇದಕ್ಕಿಂತ ಮೇಲೆ ಹೋಗುವುದಿಲ್ಲ ಎಂಬ ಮಿತಿಯನ್ನು ಹರಾಜಿಗೆ ಮೊದಲೇ ಹಾಕಿ, ಕೂಗು ಜೋರಾದಾಗ ತಲೆ ನಿಲ್ಲುವುದಿಲ್ಲ. ಮೂರು, ಕಳೆದ ವರ್ಷ ಎಷ್ಟು ಕೊಟ್ಟಿದ್ದೆವು ಎಂಬ ಸಾಲನ್ನು ಹೊಡೆದುಹಾಕಿ. ನಾಲ್ಕು, ಒಬ್ಬ ಚಿಕ್ಕ ಹುಡುಗನಿಗೆ ಜಾಗ ಇಡಿ.

ಐದನೆಯದನ್ನು ಈ ಸಲ ನಮ್ಮ ತಂಡದ ಸಭೆಯಲ್ಲಿ ಹೇಳಿದೆ. ಯಾರನ್ನು ಬಿಡುತ್ತೇವೋ ಅವರಿಗೆ ಕಾಲೇಜು, ಐಟಿಐ ಅರ್ಜಿಗಳ ದಿನ ಮುಗಿಯುವ ಮೊದಲೇ, ಮುಖ ನೋಡಿ, ಕಾರಣ ಸಹಿತ ಹೇಳಬೇಕು. ಹಿರಿಯರು ಒಪ್ಪಿದ್ದಾರೆ. ಹೇಳುವ ಕೆಲಸವನ್ನೂ ನನಗೇ ಕೊಟ್ಟಿದ್ದಾರೆ.