ಸೀನು ನಿಲ್ಲಬೇಕು, ತೂಕಡಿಕೆ ಬರಬಾರದು

ಮಳೆಗಾಲ ಕಳೆಯುವ ಹೊತ್ತಿಗೆ ನಮ್ಮ ಬಾಣಸವಾಡಿಯ ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಸೊಂಟದೆತ್ತರ ಬೆಳೆದು ಬಿಳಿ ಹೂ ಬಿಟ್ಟಿರುತ್ತದೆ. ಅದರ ಪರಾಗಕ್ಕೆ ರಿಂಗ್ ರೋಡಿನ ದೂಳೂ ಸೇರಿದರೆ ನನ್ನ ಮೊಮ್ಮಗಳಿಗೆ ಬೆಳಗೆದ್ದ ಕೂಡಲೇ ಸಾಲು ಸೀನು. ನನಗೂ ಅಷ್ಟೇ. (ಗುಲಾಬಿ ಬಣ್ಣದ ಟಬೂಬಿಯಾ ಹೂವನ್ನೂ ಕೆಲವರು ಬೈಯುತ್ತಾರೆ. ಪಾಪ, ಅದರ ಪರಾಗ ಹೊರುವುದು ಜೇನುನೊಣ, ಗಾಳಿಯಲ್ಲ.)

ಪರಾಗವನ್ನು ಶತ್ರುವೆಂದು ತಿಳಿದ ದೇಹ ಹಿಸ್ಟಮಿನ್ ಎಂಬ ವಸ್ತುವನ್ನು ಚೆಲ್ಲುತ್ತದೆ. ಅದು ಮೂಗು, ಕಣ್ಣುಗಳಲ್ಲಿರುವ ತನ್ನ ಬೀಗಗಳಲ್ಲಿ ಕೀಲಿಯಂತೆ ಕೂತರೆ ತುರಿಕೆ, ಸೀನು, ನೀರು. ಅಲರ್ಜಿ ಮಾತ್ರೆ ಆ ಬೀಗದ ಕಂಡಿಯಲ್ಲಿ ತಾನೇ ಹೋಗಿ ಕೂತುಬಿಡುತ್ತದೆ. ಇಂಥ ಮದ್ದುಗಳಿಗೆ ದಾರಿ ತೆರೆದ ಡೇನಿಯಲ್ ಬೊವೆ ಅವರಿಗೆ 1957ರಲ್ಲಿ ನೊಬೆಲ್ ಬಂತು.

ನಮ್ಮ ಕಾಲದಲ್ಲಿ ಅಲರ್ಜಿ ಎಂದರೆ ಅವಿಲ್. ಒಂದು ನುಂಗಿದರೆ ಸೀನು ನಿಲ್ಲುತ್ತಿತ್ತು, ತಲೆ ಪುಸ್ತಕದ ಮೇಲೆ ಬೀಳುತ್ತಿತ್ತು. ಯಾಕೆ ಗೊತ್ತೇ ಮಕ್ಕಳೇ? ಮೆದುಳಿನೊಳಗೆ ನಮ್ಮನ್ನು ಎಚ್ಚರವಾಗಿಡುವ ಕೆಲಸದಲ್ಲಿ ಇದೇ ಹಿಸ್ಟಮಿನ್‌ಗೂ ಪಾಲಿದೆ. ರಕ್ತದಿಂದ ಮೆದುಳಿಗೆ ಹೋಗುವ ಬಾಗಿಲಲ್ಲಿ ಬಿಗಿ ಕಾವಲಿದ್ದರೂ ಹಳೆಯ ಮಾತ್ರೆಗಳು ಅದನ್ನು ದಾಟಿ ಒಳಗಿನ ಬೀಗಗಳಲ್ಲೂ ಕೂರುತ್ತವೆ. 1980ರ ದಶಕದಿಂದ ಈಚೆಗೆ ಬಂದ ಲೊರಾಟಡಿನ್, ಸೆಟಿರಿಜಿನ್, ಫೆಕ್ಸೊಫೆನಡಿನ್ ಬಹುಮಟ್ಟಿಗೆ ಹೊರಗೇ ಉಳಿಯುತ್ತವೆ. ಫೆಕ್ಸೊಫೆನಡಿನ್ ನುಸುಳಲು ನೋಡಿದರೆ ಕಾವಲಿನವರೇ ಹಿಡಿದು ಆಚೆ ದಬ್ಬುತ್ತಾರೆ!

ಆದರೂ ಸೆಟಿರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ. ಫೆಕ್ಸೊಫೆನಡಿನ್ ಅನ್ನು ನೀರಿನಲ್ಲೇ ನುಂಗಬೇಕು. ಕಿತ್ತಳೆ, ಸೇಬಿನ ರಸದ ಜೊತೆ ತೆಗೆದುಕೊಂಡರೆ ರಕ್ತಕ್ಕೆ ಸೇರುವ ಮದ್ದು ಕಡಿಮೆಯಾಗುತ್ತದೆ.

ನನ್ನ ವಯಸ್ಸಿನವರಿಗೆ ಇದು ಬರೀ ನಿದ್ದೆಯ ಮಾತಲ್ಲ. ಹಳೆಯ ಮಾತ್ರೆಗಳಿಂದ ಬಾಯಿ ಒಣಗುತ್ತದೆ, ಮೂತ್ರ ಕಟ್ಟಬಹುದು, ತಲೆ ಗೊಂದಲವಾಗಬಹುದು. ನಮ್ಮ ಬೀದಿಯ ಹಿರಿಯರೊಬ್ಬರು ನೆಗಡಿ ಮಾತ್ರೆ ನುಂಗಿ ಮಲಗಿ, ನಡುರಾತ್ರಿ ಬಚ್ಚಲಿಗೆ ಎದ್ದವರು ಜೋಲಿ ತಪ್ಪಿ ಬಿದ್ದು ಸೊಂಟ ಮುರಿದುಕೊಂಡರು. ಅನೇಕ ನೆಗಡಿ ಮಾತ್ರೆ, ಕೆಮ್ಮಿನ ಸಿರಪ್ಪುಗಳಲ್ಲಿ ಕ್ಲೋರ್‌ಫೆನಿರಮಿನ್ ಎಂಬ ಹಳೆಯ ಮದ್ದು ಸೇರಿರುತ್ತದೆ. ಅದರ ಸಣ್ಣ ಅಕ್ಷರ ನಮಗೆಲ್ಲಿ ಕಾಣಬೇಕು? ನಮ್ಮ ಮನೆಯಲ್ಲಿ ಅದನ್ನು ಓದಿ ಹೇಳುವುದು ಏಳನೇ ಕ್ಲಾಸಿನ ಮೊಮ್ಮಗಳ ಕೆಲಸ.

ಯಾವ ಮಾತ್ರೆ, ಎಷ್ಟು ಎಂಬುದನ್ನು ಡಾಕ್ಟರೇ ಹೇಳಲಿ. ಮಕ್ಕಳಿಗೆ ವಯಸ್ಸು, ತೂಕ ನೋಡಬೇಕು. ಕಿಡ್ನಿ ತೊಂದರೆ ಇರುವ ಹಿರಿಯರಿಗೆ ಸೆಟಿರಿಜಿನ್ ಪ್ರಮಾಣ ಇಳಿಸಬೇಕಾಗುತ್ತದೆ. ಅಲರ್ಜಿಯಿಂದ ತುಟಿ, ನಾಲಗೆ ಊದಿ ಉಸಿರು ಕಟ್ಟಿದರಂತೂ ಮಾತ್ರೆ ಹುಡುಕುತ್ತ ಕೂರಬೇಡಿ. ಆಗ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್. ತಕ್ಷಣ 108ಕ್ಕೆ ಫೋನ್ ಮಾಡಿ.